ಗೋಡೆ ಉಳಿಯಿತು, ಯಂತ್ರ ನಿಂತಿತು

'ಪರಿಸರಸ್ನೇಹಿ' ಎಂಬ ವಿಶೇಷಣ ಹೊತ್ತ ವಸತಿ ಸಮುಚ್ಚಯಗಳ ಬಣ್ಣದ ಕರಪತ್ರಗಳನ್ನು ಕಳುಹಿಸಿ, "ಮೇಷ್ಟ್ರೇ, ಇದನ್ನು ಕೊಳ್ಳಬಹುದೇ?" ಎಂದು ಕೇಳುವ ಶಿಷ್ಯರು ನನಗಿದ್ದಾರೆ. ಕಟ್ಟಡಶಾಸ್ತ್ರ ನನ್ನ ವಿಷಯವಲ್ಲ. ಆದರೂ ಅವರಿಗೆ ಲಂಡನ್ನಿನ ದಕ್ಷಿಣ ಭಾಗದ ಬೆಡ್‌ಝೆಡ್ ಬಡಾವಣೆಯ ಕಥೆಯನ್ನು ಹೇಳುತ್ತೇನೆ.

ಕೊಳಚೆ ನೀರಿನ ವಿಲೇವಾರಿಗೆ ಬಳಕೆಯಾಗಿ ಬಿದ್ದಿದ್ದ ನೆಲದ ಮೇಲೆ, ಬಿಲ್ ಡನ್‌ಸ್ಟರ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ, 2002ರಲ್ಲಿ ಸುಮಾರು 100 ಮನೆಗಳೂ ಅವುಗಳೊಡನೆ ಕಚೇರಿಗಳೂ ಅಲ್ಲಿ ಎದ್ದು ನಿಂತವು. ಆ ಚಳಿನಾಡಿನಲ್ಲಿ ಸೂರ್ಯ ದಕ್ಷಿಣದ ಆಕಾಶದಲ್ಲೇ ಸಂಚರಿಸುತ್ತಾನಷ್ಟೆ. ಆದ್ದರಿಂದ ಮನೆಗಳ ಗಾಜಿನ ಮುಖ ದಕ್ಷಿಣಕ್ಕೆ. ಜನರಿಂದಲೂ ಕಂಪ್ಯೂಟರುಗಳಿಂದಲೂ ತಾವೇ ಬಿಸಿಯೇರುವ ಕಚೇರಿಗಳು ಉತ್ತರಕ್ಕೆ. ಗೋಡೆಗಳೊಳಗೆ 30 ಸೆಂಟಿಮೀಟರ್ ದಪ್ಪದ ಶಾಖರೋಧಕ ಪದರ. ಕಟ್ಟಡದ ಉಕ್ಕಿನ ಬಹುಪಾಲು ಹಳೆಯ ಕಟ್ಟಡಗಳಿಂದ ಬಿಚ್ಚಿ ತಂದದ್ದು. ತೂಕದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಗ್ರಿ ಬಂದದ್ದು 56 ಕಿಲೋಮೀಟರಿನೊಳಗಿನಿಂದ.

ಇವೆಲ್ಲ ಇಂದಿಗೂ ದುಡಿಯುತ್ತಿವೆ. ಬೇಸಿಗೆಯಲ್ಲಿ ಆ ಗಾಜಿನ ಕೋಣೆಗಳು ಕಾಯುತ್ತವೆಂಬ ದೂರು ಉಂಟು, ನಿಜ. (ಪಶ್ಚಿಮದ ಬಿಸಿಲಿಗೆ ಗಾಜು ಹಾಕಿಸಿ ಒಳಗೆ ಎ.ಸಿ. ಓಡಿಸುವ ನಮ್ಮೂರಿನವರು ಇದನ್ನು ಗಮನಿಸಬೇಕು.)

ನಿಂತುಹೋದದ್ದು ಯಂತ್ರಗಳು. ಮರದ ಚಕ್ಕೆಗಳಿಂದ ಶಾಖ ಮತ್ತು ವಿದ್ಯುತ್ತನ್ನು ಕೊಡಬೇಕಿದ್ದ ಘಟಕ ಪದೇ ಪದೇ ಕೆಟ್ಟು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಅದರ ಜಾಗಕ್ಕೆ ಅನಿಲದ ಬಾಯ್ಲರುಗಳು ಬಂದವು. ಸಸ್ಯಗಳ ನೆರವಿನಿಂದ ಕೊಳಚೆ ನೀರನ್ನು ಶುದ್ಧಗೊಳಿಸುವ ವ್ಯವಸ್ಥೆಯನ್ನು ನಡೆಸುವುದು ದುಬಾರಿಯಾಗಿ ಅದನ್ನೂ ಕೈಬಿಟ್ಟರು. ಅಷ್ಟು ಚಿಕ್ಕ ಬಡಾವಣೆ ಅಂಥ ಯಂತ್ರಗಳ ಆರೈಕೆಯ ಖರ್ಚನ್ನು ಹೊರಲಾರದು.

ಆಂಗ್ಲರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಬೆಂಗಳೂರಿನ ದೊಡ್ಡ ಸಮುಚ್ಚಯಗಳಲ್ಲಿ ಕೊಳಚೆ ನೀರಿನ ಶುದ್ಧೀಕರಣ ಘಟಕ ಕಡ್ಡಾಯ; ನಾನಿರುವಲ್ಲಿಯೂ ಒಂದಿದೆ. ಅದನ್ನು ನೋಡಿಕೊಳ್ಳುತ್ತಿದ್ದ ಹುಡುಗ ಸಂಬಳ ಸಾಲದೆ ಬಿಟ್ಟುಹೋದ. ಹೆಚ್ಚು ಸಂಬಳಕ್ಕೆ ಅನುಭವಸ್ಥನೊಬ್ಬನನ್ನು ನೇಮಿಸೋಣ, ಅದಕ್ಕಾಗಿ ತಿಂಗಳ ನಿರ್ವಹಣಾ ಶುಲ್ಕವನ್ನು ತುಸು ಏರಿಸೋಣ ಎಂಬ ಪ್ರಸ್ತಾಪ ಸಭೆಗೆ ಬಂದಾಗ ಬಹುಮತದಿಂದ ಬಿದ್ದುಹೋಯಿತು. ವಿರೋಧಿಸಿ ಎತ್ತಿದ ಕೈಗಳಲ್ಲಿ, ಪಿಂಚಣಿಯ ಲೆಕ್ಕ ಹಾಕುತ್ತ ಕುಳಿತಿದ್ದ ನನ್ನದೂ ಒಂದು. 2024ರ ಬೇಸಿಗೆಯಲ್ಲಿ ನಗರವೆಲ್ಲ ನೀರಿಗೆ ಪರದಾಡಿದಾಗ, ನಾವು ಟ್ಯಾಂಕರಿನ ನೀರು ಕೊಂಡು ಶೌಚಾಲಯಕ್ಕೆ ಸುರಿದೆವು. ಏರಿಸಲು ಒಪ್ಪದ ಶುಲ್ಕಕ್ಕಿಂತ ಟ್ಯಾಂಕರಿನ ಬಿಲ್ಲು ದೊಡ್ಡದಿತ್ತು. ವರ್ಷಗಟ್ಟಲೆ ಕೂಡುವ-ಕಳೆಯುವ ಲೆಕ್ಕ ಕಲಿಸಿದವನು ನಾನು!

ಆದ್ದರಿಂದ ಕರಪತ್ರ ಕಳುಹಿಸುವವರನ್ನು ಈಗ ನಾನೇ ಕೇಳುತ್ತೇನೆ: ಗೋಡೆ ಎಷ್ಟು ದಪ್ಪ? ಕಿಟಕಿ ಯಾವ ದಿಕ್ಕಿಗೆ? ಘಟಕ ನಡೆಸುವವನ ಸಂಬಳ ಯಾರ ಲೆಕ್ಕದಲ್ಲಿದೆ? ಮೂರನೆಯದಕ್ಕೆ ಉತ್ತರ ತಂದವನು ಈವರೆಗೆ ಒಬ್ಬನೇ. ನಮ್ಮ ಸಮುಚ್ಚಯದ ಪ್ರಸ್ತಾಪ ಮುಂದಿನ ತಿಂಗಳ ಸಭೆಗೆ ಮತ್ತೆ ಬರಲಿದೆ. ಈ ಬಾರಿ ನಾನು ಅದರ ಪರವಾಗಿ ಕೈಯೆತ್ತುತ್ತೇನೆ.