ಸೋಲಿನ ಮರುದಿನ

ಫುಟ್‌ಬಾಲ್ ನೋಡುವ ಗೆಳೆಯರ ನಡುವೆ ಎಂದೂ ಮುಗಿಯದ ಜಗಳವೊಂದಿದೆ. ಗೋಲು ಬಿಟ್ಟುಕೊಡದಿರುವುದನ್ನೇ ಪರಮಧರ್ಮ ಎಂದುಕೊಂಡ ಕೋಚ್ ಒಬ್ಬ ಮುಂದೊಂದು ದಿನ ದಾಳಿಯ ಆಟ ಆಡಿಸಬಲ್ಲನೇ? ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ಇದಕ್ಕೆ ಎರಡೇ ಉತ್ತರ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುವುದು ಒಂದು ಬಣ. ಒಳ್ಳೆಯ ಆಟಗಾರರನ್ನು ಕೊಡಿಸಿ ನೋಡಿ, ತಾನಾಗಿಯೇ ಬದಲಾಗುತ್ತಾನೆ ಅನ್ನುವುದು ಇನ್ನೊಂದು ಬಣ. ಎರಡೂ ಸೋಮಾರಿ ಉತ್ತರಗಳು ಎಂಬುದು ನನ್ನ ತಕರಾರು. ಮೊದಲನೆಯವರು ಭಯಕ್ಕೆ ಸ್ವಭಾವ ಅಂತ ಹೆಸರಿಟ್ಟು ಕೈ ತೊಳೆದುಕೊಳ್ಳುತ್ತಾರೆ. ಎರಡನೆಯವರು ಅದೇ ಭಯವನ್ನು ದುಡ್ಡಿನ ಕೊರತೆ ಎಂದು ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.

ಸಾಹಿತ್ಯ ಓದುವವರೂ ಮೊದಲನೆಯ ಬಣದಲ್ಲಿ ಇರುವುದು ನನಗೆ ಸೋಜಿಗ. 1946ರಲ್ಲಿ ‘ಭಾವತರಂಗ’ ತಂದ ಅಡಿಗರೇ 1954ರಲ್ಲಿ ‘ಚಂಡೆಮದ್ದಳೆ’ ತಂದರು. ಎಂಟೇ ವರ್ಷ. ಹುಟ್ಟುಗುಣದ ಮಾತನ್ನು ಅಲ್ಲಿ ಯಾರೂ ಎತ್ತುವುದಿಲ್ಲ.

ಇಂಥ ಕೋಚ್‌ಗಳನ್ನು ಕಾಮೆಂಟರಿಯವರು ‘ಪ್ರಾಗ್ಮ್ಯಾಟಿಕ್’ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ವ್ಯವಹಾರಸ್ಥ, ಸಮಯ ಸಂದರ್ಭ ನೋಡಿ ನಡೆಯುವವನು. ಆದರೆ ಸಂದರ್ಭ ನೋಡಿ ನಡೆಯುವವನು ಸಂದರ್ಭ ಬದಲಾದಾಗ ತಾನೂ ಬದಲಾಗಬೇಕಲ್ಲ? ಎದುರಾಳಿ ದುರ್ಬಲನಿದ್ದರೂ, ತನ್ನದೇ ಅಂಗಳದಲ್ಲಿ ಆಡುತ್ತಿದ್ದರೂ ಒಂದೇ ತರಹ ಬಾಗಿಲು ಹಾಕಿಕೊಂಡು ಕೂರುವವನು ವ್ಯವಹಾರಸ್ಥ ಹೇಗಾದಾನು? ಅವನು ಮಡಿವಂತ. ಚೆಂಡು ಮುಟ್ಟಿದರೆ ಮೈಲಿಗೆ.

2015ರ ಮಾರ್ಚ್ 11. ನನಗೆ ಅದು ಪಿಯುಸಿ ಪರೀಕ್ಷೆಯ ಕಾಲ. ಮನೆಯವರೆಲ್ಲ ಮಲಗಿದ ಮೇಲೆ ಟಿವಿಯ ಸದ್ದು ಪೂರ್ತಿ ತಗ್ಗಿಸಿ ಚೆಲ್ಸಿ ಮತ್ತು ಪ್ಯಾರಿಸ್‌ನ ಪಿಎಸ್‌ಜಿ ನಡುವಿನ ಚಾಂಪಿಯನ್ಸ್ ಲೀಗ್ ಪಂದ್ಯ ನೋಡುತ್ತಿದ್ದೆ. ಪ್ಯಾರಿಸ್‌ನಲ್ಲಿ 1-1 ಆಗಿತ್ತು, ಈಗ ಲಂಡನ್ನಿನಲ್ಲಿ ಎರಡನೆಯ ಪಂದ್ಯ. 31ನೇ ನಿಮಿಷಕ್ಕೆ ಪಿಎಸ್‌ಜಿಯ ಇಬ್ರಾಹಿಮೊವಿಚ್‌ಗೆ ರೆಡ್ ಕಾರ್ಡ್ ಬಿತ್ತು. ಇನ್ನೇನು, ಹಜಾರ್ಡ್, ಫಾಬ್ರೆಗಾಸ್, ಕೋಸ್ಟಾ ಇರುವ ತಂಡ ಹತ್ತು ಜನರ ಮೇಲೆ ಮುಗಿಬೀಳುತ್ತದೆ ಅಂದುಕೊಂಡೆ. ಮುಗಿಬೀಳಲಿಲ್ಲ. ಹನ್ನೊಂದು ಜನ ಇದ್ದ ತಂಡವೇ ಕಳ್ಳನಿಗೆ ಹೆದರಿದ ಮನೆಯವರಂತೆ ಒಳಗೆ ಉಳಿಯಿತು. ಎರಡು ಸಲ ಮುನ್ನಡೆ ಪಡೆದೂ ಎರಡು ಸಲ ಹೆಡ್ಡರ್‌ನಿಂದ ಗೋಲು ತಿಂದು, ಹೆಚ್ಚುವರಿ ಸಮಯದ ಕೊನೆಗೆ 2-2 ಆಗಿ, ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಚೆಲ್ಸಿ ಹೊರಬಿತ್ತು. ಆ ತಂಡದ ಮ್ಯಾನೇಜರ್ ಜೋಸೆ ಮೊರಿನ್ಯೊ.

ಆದರೆ ಅದೇ ಚೆಲ್ಸಿ ಅದೇ ಋತುವಿನ ಆರಂಭದಲ್ಲಿ ಹೀಗಿರಲಿಲ್ಲ. 2014ರ ಆಗಸ್ಟ್‌ನಲ್ಲಿ ಎವರ್ಟನ್ ಅಂಗಳಕ್ಕೆ ಹೋಗಿ 6-3ರಿಂದ ಗೆದ್ದು ಬಂದಿತ್ತು. ಹತ್ತು ವರ್ಷದ ಹಿಂದೆ, 2004-05ರಲ್ಲಿ, 38 ಪಂದ್ಯಗಳಲ್ಲಿ ಬರೀ 15 ಗೋಲು ಬಿಟ್ಟುಕೊಟ್ಟು ಲೀಗ್ ಗೆದ್ದ ಮನುಷ್ಯನೇ ಇವರು ಎಂದು ನಂಬುವುದು ಕಷ್ಟವಿತ್ತು. ಮೊರಿನ್ಯೊ ಬದಲಾದರು ಎಂದು ಪತ್ರಿಕೆಗಳು ಬರೆದವು. ಆಮೇಲೆ 2015ರ ಹೊಸ ವರ್ಷದ ದಿನ ಟಾಟನ್‌ಹ್ಯಾಮ್ ಅಂಗಳದಲ್ಲಿ 5-3ರಿಂದ ಸೋತರು. ಅದೇ ತಿಂಗಳು ಸ್ವಾನ್ಸಿಯ ಮೇಲೆ 5-0 ಬಂದದ್ದು ನಿಜ, ಮರೆಮಾಚುವುದಿಲ್ಲ. ಆದರೆ ಏಪ್ರಿಲ್, ಮೇ ಹೊತ್ತಿಗೆ ಫಲಿತಾಂಶಗಳನ್ನು ನೋಡಿ: ಕ್ಯೂಪಿಆರ್ ಮೇಲೆ 1-0, ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ 1-0, ಆರ್ಸೆನಲ್ ಜೊತೆ 0-0, ಕ್ರಿಸ್ಟಲ್ ಪ್ಯಾಲೆಸ್ ಮೇಲೆ 1-0. ಲೀಗ್ ಗೆದ್ದರು. ಗ್ಯಾಲರಿಯಲ್ಲಿ ಆರ್ಸೆನಲ್ ಅಭಿಮಾನಿಗಳು ‘ಬೋರಿಂಗ್’ ಎಂದು ಕೂಗಿದ್ದೂ ಆಯಿತು.

ಇದು ಮೊದಲ ಸಲವೂ ಅಲ್ಲ. 2010ರ ನವೆಂಬರ್ 29ರಂದು ಬಾರ್ಸಿಲೋನಾದಲ್ಲಿ ಅವರ ರಿಯಲ್ ಮ್ಯಾಡ್ರಿಡ್ 5-0ರಿಂದ ಸೋತಿತು. ಮುಂದಿನ ಏಪ್ರಿಲ್‌ನಲ್ಲಿ ಅದೇ ಬಾರ್ಸಿಲೋನಾ ಮತ್ತೆ ಮತ್ತೆ ಎದುರಾದಾಗ ಡಿಫೆಂಡರ್ ಪೆಪೆಯನ್ನು ಮುಂದೆ ತಂದು ಮಿಡ್‌ಫೀಲ್ಡಿನಲ್ಲಿ ಕಾವಲಿಗೆ ನಿಲ್ಲಿಸಿದರು. ಕೋಪಾ ಡೆಲ್ ರೇ ಫೈನಲ್ಲಿನಲ್ಲಿ ಅದು ಫಲಿಸಿತು, ಹೆಚ್ಚುವರಿ ಸಮಯದಲ್ಲಿ 1-0 ಗೆಲುವು. ಒಂದು ವಾರದ ಬಳಿಕ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ಲಿನಲ್ಲಿ, ತನ್ನದೇ ಮನೆಯಲ್ಲಿ, ಅದೇ ಕಾವಲಿನವನಿಗೆ ರೆಡ್ ಕಾರ್ಡ್ ಬಿದ್ದು, ಮೆಸ್ಸಿ ಎರಡು ಗೋಲು ಹೊಡೆದು ಹೋದರು.

ಮೊರಿನ್ಯೊ ಅಭಿಮಾನಿಗಳು ಈಗ 2011-12ರ ಅಂಕಿ ತೆಗೆಯುತ್ತಾರೆಂದು ಗೊತ್ತು. ಆ ಋತುವಿನಲ್ಲಿ ರಿಯಲ್ ಮ್ಯಾಡ್ರಿಡ್ 38 ಪಂದ್ಯಗಳಲ್ಲಿ 121 ಗೋಲು ಹೊಡೆದು, 100 ಅಂಕ ಗಳಿಸಿ ಲೀಗ್ ಗೆದ್ದಿತು. ಬಾರ್ಸಿಲೋನಾದಲ್ಲೂ 2-1ರಿಂದ ಗೆದ್ದಿತು. ಒಪ್ಪಿದೆ, ಪೂರ್ತಿ ಒಪ್ಪಿದೆ. ಕೆಲವರು ಅದೆಲ್ಲ ಕೌಂಟರ್ ಅಟ್ಯಾಕ್ ಎಂದು ಮೂಗು ಮುರಿಯುತ್ತಾರೆ, ನಾನು ಮುರಿಯುವುದಿಲ್ಲ. ರೊನಾಲ್ಡೊ, ಓಜಿಲ್, ಡಿ ಮರಿಯಾ ಓಡುತ್ತಿದ್ದ ಓಟವನ್ನು ದಾಳಿ ಅನ್ನದಿದ್ದರೆ ಇನ್ನಾವುದನ್ನು ಅನ್ನುವುದು? ಆದರೆ ಈ 121 ಗೋಲುಗಳು ಹುಟ್ಟುಗುಣದ ವಾದವನ್ನೇ ಮುಗಿಸಿಬಿಡುತ್ತವೆ. ಅವರಿಗೆ ಬರುತ್ತಿತ್ತು. ಬರುವುದನ್ನು 2015ರಲ್ಲಿ ಒಲ್ಲೆ ಅಂದರು.

ಇನ್ನು ದುಡ್ಡಿನ ಬಣಕ್ಕೆ ಉತ್ತರ ಹೇಳಲು ಹೆಚ್ಚು ಹೊತ್ತು ಬೇಡ. ಡಿಯೆಗೊ ಸಿಮಿಯೋನೆಯ ಅಟ್ಲೆಟಿಕೊ ಮ್ಯಾಡ್ರಿಡ್ 2019ರಲ್ಲಿ ಹತ್ತೊಂಬತ್ತರ ಹುಡುಗ ಜೊವಾವೊ ಫೆಲಿಕ್ಸ್‌ಗೆ ಸುಮಾರು 12.6 ಕೋಟಿ ಯೂರೊ ಕೊಟ್ಟಿತು. ಆ ಲೀಗ್‌ನಲ್ಲಿ 38 ಪಂದ್ಯಗಳಿಗೆ ತಂಡ ಹೊಡೆದದ್ದು 51 ಗೋಲು. ಮುಂದಿನ ವರ್ಷ ಸುವಾರೆಜ್ ಬಂದು 21 ಗೋಲು ಹೊಡೆದರು, ತಂಡ ಚಾಂಪಿಯನ್ ಆಯಿತು, ಸಿಮಿಯೋನೆ ಬದಲಾದರು ಎಂಬ ಲೇಖನಗಳು ಮತ್ತೆ ಬಂದವು. 2022ರ ಏಪ್ರಿಲ್‌ನಲ್ಲಿ ಅದೇ ತಂಡ ಮ್ಯಾಂಚೆಸ್ಟರ್ ಸಿಟಿಯ ಎದುರು ಐದೈದು ಜನರ ಎರಡು ಗೋಡೆ ಕಟ್ಟಿ ನಿಂತಿತು. ತೊಂಬತ್ತು ನಿಮಿಷದಲ್ಲಿ ಗೋಲಿನತ್ತ ಒಂದೇ ಒಂದು ಹೊಡೆತವಿಲ್ಲ. ಫೆಲಿಕ್ಸ್ ಅಂದು ಆಡುತ್ತಿದ್ದರು, ಗೋಡೆಯ ಒಂದು ಇಟ್ಟಿಗೆಯಾಗಿ. ಕೋಚ್‌ನ ಭಯಕ್ಕೆ ಬೆಲೆ ತೆರುವವರು ಹೆಚ್ಚಾಗಿ ಇಂಥ ಹುಡುಗರೇ, ಇಪ್ಪತ್ತರ ಆಸುಪಾಸಿನವರು. ಅದು ಯಾವ ಅಂಕಿಪಟ್ಟಿಯಲ್ಲೂ ಬರುವುದಿಲ್ಲ.

ಹಾಗಾದರೆ ಬದಲಾದವರು ಯಾರಾದರೂ ಇದ್ದಾರೆಯೇ? ಇದ್ದಾರೆ, ಕಾರ್ಲೊ ಆನ್ಸೆಲೊಟ್ಟಿ. ಇವತ್ತು ಅವರನ್ನು ಎಲ್ಲರ ಜೊತೆಗೂ ಹೊಂದಿಕೊಳ್ಳುವ ದೊಡ್ಡ ಮನುಷ್ಯ ಎಂದು ನೋಡುವವರಿಗೆ 1996ರ ಪಾರ್ಮಾ ಗೊತ್ತಿರಲಿಕ್ಕಿಲ್ಲ. ಅರಿಗೊ ಸಾಕ್ಕಿಯ ಶಿಷ್ಯ, 1994ರ ವಿಶ್ವಕಪ್‌ನಲ್ಲಿ ಅವರ ಸಹಾಯಕ. ಗುರುವಿನ 4-4-2 ಎಂದರೆ ವೇದವಾಕ್ಯ. ಇಬ್ಬರು ಸ್ಟ್ರೈಕರ್‌ಗಳ ಹಿಂದೆ ಸ್ವತಂತ್ರವಾಗಿ ಆಡುವವನಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಜಿಯಾನ್‌ಫ್ರಾಂಕೊ ಜೋಲಾರನ್ನು ಎಡ ಅಂಚಿಗೆ ತಳ್ಳಿದರು, ಅವರು ಚೆಲ್ಸಿಗೆ ಹೋದರು. ಮುಂದಿನ ಬೇಸಿಗೆಯಲ್ಲಿ ರಾಬರ್ಟೊ ಬಾಜಿಯೊ ಬರಲು ಸಿದ್ಧರಿದ್ದರು, ಬೇಡ ಅಂದರು. ಬಾಜಿಯೊ ಬೊಲೊನ್ಯಾ ಸೇರಿ ಆ ಲೀಗ್‌ನಲ್ಲಿ 22 ಗೋಲು ಹೊಡೆದರು. ಬೇಡ ಅಂದದ್ದು ತಪ್ಪಾಯಿತು ಎಂದು ಆನ್ಸೆಲೊಟ್ಟಿ ಮುಂದೆ ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ.

ಯುವೆಂಟಸ್‌ಗೆ ಬಂದಾಗ ಅಲ್ಲಿ ಜಿದಾನ್ ಇದ್ದರು. ಜಿದಾನ್‌ರನ್ನು ಅಂಚಿಗೆ ತಳ್ಳುವ ಬದಲು 4-4-2ನ್ನೇ ಪಕ್ಕಕ್ಕಿಟ್ಟರು. ಮಿಲಾನ್‌ನಲ್ಲಿ ಇನ್ನೂ ಮುಂದೆ ಹೋದರು. ಇಂಟರ್‌ನಲ್ಲಿ ಜಾಗ ಸಿಗದೆ ಬಂದಿದ್ದ ಪಿರ್ಲೊ ಎಂಬ ಆಟಗಾರನನ್ನು ಡಿಫೆಂಡರ್‌ಗಳ ಮುಂದೆಯೇ ನಿಲ್ಲಿಸಿ ಇಡೀ ಆಟದ ಲಗಾಮು ಅವನ ಕೈಗೆ ಕೊಟ್ಟರು. (ಈ ಜಾಗದಲ್ಲಿ ಪಿರ್ಲೊರನ್ನು ಮೊದಲು ಆಡಿಸಿದ್ದು ಬ್ರೆಶಿಯಾದ ಕಾರ್ಲೊ ಮಾಟ್ಸೋನೆ. ಆ ತಂಡದಲ್ಲಿ ಮುಂದೆ ಆಡುತ್ತಿದ್ದವರು ಬಾಜಿಯೊ! ಪಾರ್ಮಾದ ಬಾಗಿಲಲ್ಲಿ ತಿರಸ್ಕರಿಸಿದ್ದು ಹಿತ್ತಲಿಂದ ಬಂತು.) ಎಲ್ಲರೂ ಕಾವಲುಗಾರನನ್ನು ನಿಲ್ಲಿಸುವ ಜಾಗದಲ್ಲಿ ಅವರು ಕವಿಯೊಬ್ಬನನ್ನು ನಿಲ್ಲಿಸಿದಂತಿತ್ತು. ಪಕ್ಕದಲ್ಲಿ ಗಟ್ಟೂಸೊ ಎಂಬ ಕಾವಲುಗಾರನೂ ಇದ್ದ ಅನ್ನಿ, ಆನ್ಸೆಲೊಟ್ಟಿ ಹುಚ್ಚರಲ್ಲ.

ಪೆಟ್ಟು ಬಿದ್ದಾಗ ಅವರು ಮಾಡಿದ್ದೇನು ಎಂಬುದು ನನಗೆ ಮುಖ್ಯ. 2004ರ ಏಪ್ರಿಲ್‌ನಲ್ಲಿ, ಮೊದಲ ಪಂದ್ಯವನ್ನು 4-1ರಿಂದ ಗೆದ್ದಿದ್ದ ಮಿಲಾನ್, ಲಾ ಕೊರುನ್ಯಾದಲ್ಲಿ 4-0ರಿಂದ ಸೋತು ಚಾಂಪಿಯನ್ಸ್ ಲೀಗ್‌ನಿಂದ ಹೊರಬಿತ್ತು. ಮರುವರ್ಷ ಮೇ 25ರಂದು ಇಸ್ತಾಂಬುಲ್ ಫೈನಲ್. ಅರ್ಧ ಸಮಯಕ್ಕೆ 3-0 ಮುನ್ನಡೆ, ಆಮೇಲೆ ಆರೇ ನಿಮಿಷದೊಳಗೆ ಲಿವರ್‌ಪೂಲ್ ಮೂರು ಗೋಲು, ಪೆನಾಲ್ಟಿಯಲ್ಲಿ ಸೋಲು. ಒಬ್ಬ ಕೋಚ್ ಮತ್ತೆ ಪೂರ್ತಿ ಮಡಿವಂತನಾಗಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಆನ್ಸೆಲೊಟ್ಟಿ ಒಂದಿಷ್ಟು ಎಚ್ಚರ ಸೇರಿಸಿಕೊಂಡರು, ಇಲ್ಲವೆನ್ನಲಾರೆ. 2007ರಲ್ಲಿ ಮುಂದಿನ ಸಾಲಿನಲ್ಲಿ ಒಬ್ಬನೇ ಸ್ಟ್ರೈಕರ್ ಇರುತ್ತಿದ್ದ. ಆದರೆ ಪಿರ್ಲೊ ಅಲ್ಲೇ ಇದ್ದರು, ಸೀಡೋರ್ಫ್ ಇದ್ದರು, ಕಾಕಾಗೆ ಮೊದಲಿಗಿಂತ ಹೆಚ್ಚು ಬಯಲು ಸಿಕ್ಕಿತು. ಆ ವರ್ಷ ಕಾಕಾ ಚಾಂಪಿಯನ್ಸ್ ಲೀಗ್‌ನಲ್ಲಿ 10 ಗೋಲು ಹೊಡೆದರು. ಸೆಮಿಫೈನಲ್ಲಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ 3-0, ಅಥೆನ್ಸ್ ಫೈನಲ್ಲಿನಲ್ಲಿ ಅದೇ ಲಿವರ್‌ಪೂಲ್ ಮೇಲೆ 2-1. ಭಾರಿ ಸೋಲಿನ ಮರುದಿನ ಕೋಚ್ ಯಾರನ್ನು ತಂಡದಿಂದ ಕೈಬಿಡುತ್ತಾನೆ, ಕಾವಲಿನವನನ್ನೋ ಕನಸು ಕಾಣುವವನನ್ನೋ? ಅವನು ಬದಲಾಗಿದ್ದಾನೋ ಇಲ್ಲವೋ ಎಂದು ನಾನು ನೋಡುವುದು ಅಲ್ಲಿ. ಗೆದ್ದ ಪಂದ್ಯಗಳಲ್ಲಿ ಎಲ್ಲರೂ ಬದಲಾಗಿಯೇ ಇರುತ್ತಾರೆ.

ಮೆಸ್ಸಿನಲ್ಲಿ ಇದನ್ನು ಹೇಳಿದಾಗ ಗೆಳೆಯನೊಬ್ಬ ಕೇಳಿದ: ಕೆಲಸ ಹೋಗುವುದು ಕೋಚ್‌ನದು, ಫೆಲೋಶಿಪ್ ತಗೊಂಡು ಟಿವಿ ನೋಡುವ ನಿನ್ನದಲ್ಲ. ಪೆಟ್ಟು ತಾಗಿತು, ಸುಳ್ಳು ಹೇಳುವುದಿಲ್ಲ. ಪಿಎಚ್‌ಡಿಯಲ್ಲೂ ಕೊನೆಗೆ ನಾವು ಮಾಡಬೇಕಾದದ್ದು ಡಿಫೆನ್ಸ್ ತಾನೆ. ಧೈರ್ಯದ ಎರಡು ಪುಟ ಬರೆದು, ಪರೀಕ್ಷಕರು ಯಾರು ಬರುತ್ತಾರೋ ಎಂದು ಅಳಿಸಿ, ಸೇಫಾದ ಉಲ್ಲೇಖಗಳನ್ನು ತುಂಬಿದ ರಾತ್ರಿಗಳು ನನಗೂ ಇವೆ. ಆದರೂ ಲೆಕ್ಕ ನೋಡೋಣ. 2015ರ ಮೇನಲ್ಲಿ 1-0ಗಳಿಂದ ಲೀಗ್ ಗೆದ್ದ ಮೊರಿನ್ಯೊರನ್ನು ಚೆಲ್ಸಿ ಅದೇ ಡಿಸೆಂಬರ್‌ನಲ್ಲಿ ಕಳಿಸಿತು, ತಂಡ 16ನೇ ಸ್ಥಾನದಲ್ಲಿತ್ತು. ಆನ್ಸೆಲೊಟ್ಟಿ ಅದೇ ಚೆಲ್ಸಿಗೆ 2009-10ರಲ್ಲಿ 103 ಗೋಲು ಹೊಡೆಸಿ ಲೀಗ್ ಗೆಲ್ಲಿಸಿದರು, ಮರುವರ್ಷ ಎರಡನೇ ಸ್ಥಾನಕ್ಕೆ ಅವರನ್ನೂ ಕಳಿಸಿದರು. ಬಾಗಿಲು ಹಾಕಿಕೊಂಡವನ ಕೆಲಸವೂ ಉಳಿಯಲಿಲ್ಲ, ತೆಗೆದಿಟ್ಟವನದೂ ಉಳಿಯಲಿಲ್ಲ. ಕೆಲಸದ ಭಯ ನಿಜವಾದದ್ದೇ, ಆದರೆ ಬಾಗಿಲು ಹಾಕಿಕೊಂಡರೆ ಅದು ಹೋಗುತ್ತದೆ ಎಂಬುದಕ್ಕೆ ಸಾಕ್ಷಿ ಕಾಣೆ.

2013ರಲ್ಲಿ ಮೊರಿನ್ಯೊ ಬಿಟ್ಟುಹೋದ ಮ್ಯಾಡ್ರಿಡ್ ಕುರ್ಚಿಗೆ ಬಂದವರು ಆನ್ಸೆಲೊಟ್ಟಿಯೇ. 2014ರ ಮೇ 24, ಲಿಸ್ಬನ್‌ನಲ್ಲಿ ಫೈನಲ್, ಎದುರಿಗೆ ಸಿಮಿಯೋನೆಯ ಅಟ್ಲೆಟಿಕೊ. 36ನೇ ನಿಮಿಷದಲ್ಲಿ ಗೊಡಿನ್ ಹೆಡ್ಡರ್‌ನಿಂದ ಅಟ್ಲೆಟಿಕೊ 1-0 ಮುಂದಿತ್ತು. 59ನೇ ನಿಮಿಷದಲ್ಲಿ ಆನ್ಸೆಲೊಟ್ಟಿ ಮಿಡ್‌ಫೀಲ್ಡಿನ ಕಾವಲಿಗಿದ್ದ ಖೆದಿರಾ ಮತ್ತು ಎಡಬದಿಯ ಡಿಫೆಂಡರ್ ಕೊಯೆಂತ್ರಾವೊ ಇಬ್ಬರನ್ನೂ ಒಟ್ಟಿಗೆ ಹೊರಗೆ ಕರೆದರು. ಒಳಗೆ ಕಳಿಸಿದ್ದು ಚೆಂಡಿನ ಜೊತೆ ಆಟವಾಡುವ ಇಸ್ಕೊರನ್ನು ಮತ್ತು ಡಿಫೆಂಡರ್ ಎಂಬುದು ಹೆಸರಿಗೆ ಮಾತ್ರವಾದ ಮಾರ್ಸೆಲೊರನ್ನು. 93ನೇ ನಿಮಿಷದಲ್ಲಿ ರಾಮೋಸ್ ಹೆಡ್ಡರ್ ಬಂತು, ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು, ಬೇಲ್ ಗೋಲು ಹೊಡೆದು 2-1 ಆಯಿತು. ಇನ್ನು ಕೆಲವೇ ನಿಮಿಷ, ಎಲ್ಲರೂ ಹಿಂದೆ ನಿಂತು ಕಾಲ ತಳ್ಳಬಹುದಿತ್ತು. 118ನೇ ನಿಮಿಷದಲ್ಲಿ ಎದುರಾಳಿಯ ಪೆನಾಲ್ಟಿ ಪ್ರದೇಶದ ಹತ್ತಿರ ಚೆಂಡು ಹಿಡಿದು ನುಗ್ಗಿ ಮೂರನೆಯ ಗೋಲು ಹೊಡೆದದ್ದು ಮಾರ್ಸೆಲೊ.