ಶವದ ಹೊಟ್ಟೆಯಲ್ಲಿ ಕೇವಿಯರ್

ಕಳೆದ ತಿಂಗಳು ನನ್ನ ಸಂಶೋಧನೆಯ ಪ್ರಗತಿ ಪರಿಶೀಲನಾ ಸಭೆಯಲ್ಲಿ ಹಿರಿಯರೊಬ್ಬರು ಮೂರನೇ ಅಧ್ಯಾಯದ ಹಾಳೆಗಳನ್ನು ಬೆರಳ ತುದಿಯಲ್ಲಿ ಮಗುಚುತ್ತಾ, ‘ಇದನ್ನೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಓದಬೇಕಪ್ಪಾ, ಪಿಎಚ್.ಡಿ.ಯಲ್ಲಲ್ಲ’ ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಫೆಲೋಶಿಪ್ ಕಾಗದಕ್ಕೆ ಅವರ ಸಹಿ ಬೇಕಿತ್ತು. ಆ ಅಧ್ಯಾಯ ಅಗತ್ಯವೇ ಎಂದು ಮರುಯೋಚಿಸಬೇಕೆಂಬ ಷರಾ ಬರೆದು ಸಹಿ ಹಾಕಿದರು. ಅಂದು ನಕ್ಕದ್ದು ಇನ್ನೂ ಚುಚ್ಚುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಧ್ಯಾಯ ಇರುವುದು ಚಿಯು ಶಿಯಾವ್‌ಲಾಂಗ್ ಬರೆದ ‘ಡೆತ್ ಆಫ್ ಎ ರೆಡ್ ಹೀರೋಯಿನ್’ ಎಂಬ ಪತ್ತೇದಾರಿ ಕಾದಂಬರಿಯ ಬಗ್ಗೆ. ಇಂಗ್ಲಿಷಿನಲ್ಲಿ 2000ದಲ್ಲಿ ಪ್ರಕಟವಾದದ್ದು, ಮರುವರ್ಷ ಮೊದಲ ಕಾದಂಬರಿಗೆ ಕೊಡುವ ಆಂಟನಿ ಪ್ರಶಸ್ತಿ ಪಡೆದದ್ದು. ಕಥೆ ಶುರುವಾಗುವುದು 1990ರ ಮೇ ತಿಂಗಳಲ್ಲಿ. ಶಾಂಘೈ ಹೊರವಲಯದ ಒಂದು ಕಾಲುವೆಯಲ್ಲಿ ಹೆಣ್ಣಿನ ಶವ ಸಿಗುತ್ತದೆ. ಆಕೆ ಗ್ವಾನ್ ಹಾಂಗ್‌ಯಿಂಗ್, ನಗರದ ದೊಡ್ಡ ಸರ್ಕಾರಿ ಮಳಿಗೆಯೊಂದರಲ್ಲಿ ಸೌಂದರ್ಯವರ್ಧಕ ಮಾರುವವಳು. ಜೊತೆಗೆ ‘ರಾಷ್ಟ್ರೀಯ ಮಾದರಿ ಕಾರ್ಮಿಕಳು’. ಪತ್ರಿಕೆಗಳಲ್ಲಿ ಫೋಟೋ ಬಂದವಳು, ಪಕ್ಷದ ಹೆಮ್ಮೆ. ಮರಣೋತ್ತರ ಪರೀಕ್ಷೆಯಲ್ಲಿ ಅವಳ ಹೊಟ್ಟೆಯಲ್ಲಿ ಕೇವಿಯರ್, ಅಂದರೆ ದುಬಾರಿ ಮೀನಿನ ಮೊಟ್ಟೆ, ಪತ್ತೆಯಾಗುತ್ತದೆ. ಅವಳ ವಾಸ ಮಳಿಗೆಯ ಹಾಸ್ಟೆಲಿನ ಒಂದು ಪುಟ್ಟ ಕೋಣೆಯಲ್ಲಿ. 1990ರ ಶಾಂಘೈನಲ್ಲಿ ಕೇವಿಯರ್ ತಿನ್ನಬಲ್ಲವರನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ವರ್ಗರಹಿತ ಸಮಾಜದ ಬಗ್ಗೆ ನಾನು ಓದಿರುವ ಎಷ್ಟೋ ಪ್ರಬಂಧಗಳು ಹೇಳಲಾಗದ್ದನ್ನು ಆ ಒಂದು ವೈದ್ಯಕೀಯ ವರದಿಯ ಸಾಲು ಹೇಳಿಬಿಡುತ್ತದೆ.

ಈ ಕಾದಂಬರಿಯನ್ನು ಹೊಗಳುವವರ ಮೇಲೂ ನನಗೆ ತಕರಾರಿದೆ, ಮೊದಲು ಅದನ್ನೇ ಮುಗಿಸುತ್ತೇನೆ. ‘ಚೀನಾದ ಸಂಸ್ಕೃತಿಯನ್ನು ಪರಿಚಯಿಸುವ ಕಾದಂಬರಿ’ ಎಂದು ಇದನ್ನು ಮಾರುತ್ತಾರೆ. ಸಂಸ್ಕೃತಿ ಎಂದರೆ ಅವರಿಗೆ ಟಾಂಗ್ ಕಾಲದ ಕವಿತೆ, ಚಹಾ, ಆವಿಯಲ್ಲಿ ಬೇಯಿಸಿದ ಏಡಿ. ಪುಸ್ತಕದಲ್ಲಿ ಇವೆಲ್ಲ ಇವೆ, ಸ್ವಲ್ಪ ಹೆಚ್ಚೇ ಇವೆ. ನಾಯಕ ಚೆನ್ ತ್ಸಾವ್ ಪೊಲೀಸ್ ಇನ್ಸ್‌ಪೆಕ್ಟರ್ ಅಷ್ಟೇ ಅಲ್ಲ, ಕವಿ ಮತ್ತು ಅನುವಾದಕ. ಸಾಕ್ಷಿ ಹುಡುಕಲು ಹೊರಟವನಿಗೆ ದಾರಿಯಲ್ಲಿ ವಿಲೋ ಮರ ಕಂಡರೆ ಸಾಕು, ಸಾವಿರ ವರ್ಷ ಹಿಂದಿನ ಕವಿ ನೆನಪಾಗುತ್ತಾನೆ. ಗಾದೆಗಳನ್ನು ವಿದೇಶಿ ಓದುಗನಿಗೆ ಬಿಡಿಸಿ ಹೇಳುವ ಅಭ್ಯಾಸವೂ ಲೇಖಕರಿಗಿದೆ. ಅಂಥ ಪುಟಗಳನ್ನು ನಾನು ಸರಸರನೆ ದಾಟಿಸಿದ್ದೇನೆ. ಮುಂದೆ ಸರಣಿ ಬೆಳೆದು ಹತ್ತನ್ನು ದಾಟಿದಾಗ ಈ ಚಟ ಇನ್ನೂ ಹೆಚ್ಚಾಯಿತು.

ಆದರೆ ಪುಸ್ತಕದ ಜೀವ ಇರುವುದು ಅಲ್ಲಲ್ಲ, ಮನೆ ಹಂಚಿಕೆ ಸಮಿತಿಯಲ್ಲಿ! ಚೆನ್‌ಗೆ ಒಂದು ಕೋಣೆಯ ಫ್ಲ್ಯಾಟ್ ಸಿಕ್ಕಿದೆ, ಅದಕ್ಕೆ ಸಹೋದ್ಯೋಗಿಗಳು ಒಳಗೊಳಗೇ ಕುದಿಯುತ್ತಾರೆ. ಅವನ ಸಹಾಯಕ ಯೂ ಗ್ವಾಂಗ್‌ಮಿಂಗ್, ಹೆಂಡತಿ ಪೇಯ್‌ಚಿನ್ ಮತ್ತು ಮಗನೊಡನೆ ತಂದೆಯ ಮನೆಯ ಒಂದೇ ಕೋಣೆಯಲ್ಲಿ ದಿನ ದೂಡುತ್ತಾನೆ. ಈ ಗಂಡಹೆಂಡತಿ ಇಬ್ಬರೂ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ‘ವಿದ್ಯಾವಂತ ಯುವಜನ’ ಎಂಬ ಹಣೆಪಟ್ಟಿಯೊಂದಿಗೆ ಯುನ್ನಾನ್‌ಗೆ ರವಾನೆಯಾದವರು. ಹಾಗೆ ಹಳ್ಳಿಗಳಿಗೆ ಕಳಿಸಲ್ಪಟ್ಟವರು ಒಂದೂವರೆ ಕೋಟಿಗೂ ಹೆಚ್ಚು. ಈ ಸಂಖ್ಯೆಯನ್ನು ನಾನು ಇತಿಹಾಸದ ಪುಸ್ತಕಗಳಲ್ಲಿ ಹಲವು ಸಲ ಓದಿದ್ದೆ. ಅದರ ಭಾರ ತಿಳಿದದ್ದು ಮಾತ್ರ ಪೇಯ್‌ಚಿನ್ ತನ್ನ ಇಕ್ಕಟ್ಟಿನ ಕೋಣೆಯಲ್ಲಿ ಆ ಕಳೆದ ವರ್ಷಗಳನ್ನು ಲೆಕ್ಕ ಹಾಕುವಾಗ.

ಪಾತ್ರಗಳ ಉದ್ಯೋಗವನ್ನೇ ನೋಡಿ. ಚೆನ್ ಓದಿದ್ದು ಇಂಗ್ಲಿಷ್ ಸಾಹಿತ್ಯ. ಅವನು ಹುಟ್ಟುವುದಕ್ಕೂ ಮೊದಲು ಅಥವಾ ಹುಟ್ಟಿದ ಹೊಸತರಲ್ಲಿ ‘ಪ್ರತಿಕ್ರಾಂತಿಕಾರಿ’ ಎನಿಸಿಕೊಂಡ ಬಂಧುವೊಬ್ಬನ ಕಳಂಕದಿಂದ ವಿದೇಶಾಂಗ ಖಾತೆಯ ಕೆಲಸ ತಪ್ಪಿ ಪೊಲೀಸ್ ಇಲಾಖೆಗೆ ಬಿದ್ದವನು. ಕಡತವೊಂದು ಮನುಷ್ಯನ ಬದುಕನ್ನು ಹೀಗೆ ಬರೆಯುವ ದೇಶದಲ್ಲಿ ಕಡತ ಓದುವವನನ್ನೇ ನಾಯಕನನ್ನಾಗಿ ಮಾಡುವುದಕ್ಕಿಂತ ಸಹಜವಾದ ಸಾಹಿತ್ಯ ರೂಪ ಯಾವುದಿದೆ?

ಇನ್ನು ಹಿರಿಯರ ಆಕ್ಷೇಪಕ್ಕೆ ಬರುತ್ತೇನೆ. ಪತ್ತೇದಾರಿಯ ಕುತೂಹಲ ಅಗ್ಗದ್ದು, ಕೊಲೆಗಾರ ಯಾರೆಂದು ತಿಳಿದರೆ ಪುಸ್ತಕ ಮುಗಿಯಿತು, ಇದು ಅವರ ವಾದ. ಈ ಕಾದಂಬರಿ ಅವರು ಹೇಳಿದ ಹಾಗೆ ಮುಗಿಯುವುದೇ ಇಲ್ಲ. ಓಣಿಯ ಸಾರ್ವಜನಿಕ ಫೋನ್ ನೋಡಿಕೊಳ್ಳುವ ಮುದುಕನ ಬಳಿ ಸಿಕ್ಕ ಕರೆಗಳ ಸುಳಿವಿನಿಂದ ಚೆನ್ ಮತ್ತು ಯೂ ವೂ ಶಿಯಾವ್‌ಮಿಂಗ್ ಎಂಬ ಪತ್ರಿಕಾ ಛಾಯಾಗ್ರಾಹಕನನ್ನು ತಲುಪುತ್ತಾರೆ. ಆಗ ಪುಸ್ತಕ ಇನ್ನೂ ಬೇಕಾದಷ್ಟು ಉಳಿದಿರುತ್ತದೆ. ಕೊಲೆಗಾರ ಬಹುಮಟ್ಟಿಗೆ ಗೊತ್ತಾಯಿತು. ತೊಂದರೆ ಏನೆಂದರೆ ವೂ ಪಕ್ಷದ ಬಹು ಹಿರಿಯ ನಾಯಕನ ಮಗ. ಅಲ್ಲಿಂದ ಮುಂದೆ ಪ್ರಶ್ನೆಯೇ ಬೇರೆ: ಗೊತ್ತಾದದ್ದನ್ನು ಗೊತ್ತಿದೆ ಎಂದು ಹೇಳುವ ಅಧಿಕಾರ ಯಾರಿಗಿದೆ?

ಇದು ಚೀನಾದ ಹಳೆಯ ‘ಗಾಂಗ್-ಆನ್’ ನ್ಯಾಯಾಧೀಶ ಕಥೆಗಳ ಜಾಡು. ಡಚ್ ರಾಜತಾಂತ್ರಿಕ ರಾಬರ್ಟ್ ವಾನ್ ಗುಲಿಕ್ 1949ರಲ್ಲಿ ಟೋಕಿಯೋದಲ್ಲಿ ಪ್ರಕಟಿಸಿದ ಜಡ್ಜ್ ಡೀ ಅನುವಾದದ ಮೂಲಕ ಹೊರಗಿನವರಿಗೆ ಪರಿಚಯವಾದ ಪ್ರಕಾರ ಅದು. ಅಲ್ಲಿ ಅಪರಾಧಿ ಯಾರೆಂದು ಓದುಗನಿಗೆ ಎಷ್ಟೋ ಸಲ ಮೊದಲೇ ತಿಳಿದಿರುತ್ತದೆ. ಅಂಥ ನ್ಯಾಯಾಧೀಶರಲ್ಲೆಲ್ಲ ಹೆಸರಾದವನು ಸಾಂಗ್ ಕಾಲದ ಬಾವ್ ಝೆಂಗ್ (999-1062). ಅವನ ಸುತ್ತ ಕಟ್ಟಿದ ನಾಟಕವೊಂದರಲ್ಲಿ ಅವನು ಚಕ್ರವರ್ತಿಯ ಅಳಿಯನ ತಲೆಯನ್ನೇ ಕಡಿಸುತ್ತಾನೆ. ಚೆನ್ ಕೈಯಲ್ಲಿ ಬಾವ್‌ನ ಕತ್ತಿ ಇಲ್ಲ. ಅವನನ್ನು ಟ್ರಾಫಿಕ್ ವಿಭಾಗಕ್ಕೆ ಎತ್ತಿ ಹಾಕುತ್ತಾರೆ. ಆಗ ಅವನು ಮಾಡುವುದೇನು? ಬೀಜಿಂಗ್‌ನಲ್ಲಿರುವ ಹಳೆಯ ಗೆಳತಿ ಲಿಂಗ್‌ಗೆ ಪತ್ರ ಬರೆಯುತ್ತಾನೆ. ಅವಳೂ ಪಕ್ಷದ ಅತಿ ದೊಡ್ಡ ನಾಯಕನ ಮಗಳೇ. ದೊಡ್ಡವರ ಮಗನನ್ನು ಹಿಡಿಯಲು ಇನ್ನೂ ದೊಡ್ಡವರ ಮಗಳ ಶಿಫಾರಸು ಬೇಕಾಯಿತು. ನ್ಯಾಯ ದಕ್ಕುತ್ತದೆ, ಅದು ದಕ್ಕಿದ ದಾರಿ ಮಾತ್ರ ಅನ್ಯಾಯದ್ದೇ. ಇದನ್ನು ಬಸ್ ಸ್ಟ್ಯಾಂಡಿನಲ್ಲಿ ಓದಿ ಮರೆಯಲು ಸಾಧ್ಯವಿದ್ದವರಿಗೆ ನನ್ನ ನಮಸ್ಕಾರ.

ನನ್ನ ಸ್ವಂತ ಗೆಳೆಯರ ಆಕ್ಷೇಪ ಇನ್ನೂ ಕಷ್ಟದ್ದು. ಪದವಿಯ ದಿನಗಳಲ್ಲಿ ಒಟ್ಟಿಗೆ ಭಿತ್ತಿಪತ್ರ ಅಂಟಿಸಿದವರು ನಾವು. ‘ಅಮೆರಿಕದಲ್ಲಿ ಕೂತು, ಇಂಗ್ಲಿಷಿನಲ್ಲಿ ಚೀನಾವನ್ನು ಬೈದು ಪ್ರಶಸ್ತಿ ಪಡೆಯುವುದು ಹಳೆಯ ಧಂದೆ. ನೀನು ಆ ಕಡೆಯವರ ಕೈಗೆ ಕೋಲು ಕೊಡುತ್ತಿದ್ದೀಯ’ ಎಂದ ಒಬ್ಬ. ಆ ಕಡೆಯವರಲ್ಲೊಬ್ಬ ನಿಜಕ್ಕೂ ಕೋಲು ಕೇಳಿಕೊಂಡು ಬಂದಿದ್ದ ಅನ್ನಿ: ‘ಕಮ್ಯುನಿಸಂನ ಬಣ್ಣ ಬಯಲು ಮಾಡುವ ಕಾದಂಬರಿಯಂತೆ, ಹೆಸರು ಹೇಳು.’ ಇಬ್ಬರೂ ಓದದೆಯೇ ಮಾತಾಡಿದ್ದರು.

ಚಿಯು ಹುಟ್ಟಿದ್ದು 1953ರಲ್ಲಿ, ಶಾಂಘೈನಲ್ಲಿ. ತಂದೆಗೆ ಸಣ್ಣದೊಂದು ಸುಗಂಧದ್ರವ್ಯದ ಕಾರ್ಖಾನೆ ಇತ್ತು, ಅಷ್ಟಕ್ಕೇ ‘ಬಂಡವಾಳಶಾಹಿ’ ಎಂಬ ಮುದ್ರೆ ಬಿತ್ತು. ಸಾಂಸ್ಕೃತಿಕ ಕ್ರಾಂತಿಯಲ್ಲಿ ತಂದೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವರ ತಪ್ಪೊಪ್ಪಿಗೆ ಪತ್ರವನ್ನು ಬರೆದುಕೊಟ್ಟದ್ದು ಬಾಲಕ ಚಿಯು. ಶಾಲೆಗಳು ಮುಚ್ಚಿದ್ದ ಆ ವರ್ಷಗಳಲ್ಲಿ ಅನಾರೋಗ್ಯದ ಕಾರಣ ಹಳ್ಳಿಗೆ ಹೋಗದೆ ಉಳಿದು, ಬಂಡ್ ಉದ್ಯಾನದ ಬೆಂಚಿನ ಮೇಲೆ ಕೂತು ಇಂಗ್ಲಿಷ್ ಕಲಿತರು. 1988ರಲ್ಲಿ ಎಲಿಯಟ್ ಬಗ್ಗೆ ಅಧ್ಯಯನ ಮಾಡಲು ಅಮೆರಿಕದ ಸೇಂಟ್ ಲೂಯಿಗೆ ಹೋದರು. ಮರುವರ್ಷ ತಿಯಾನನ್ಮೆನ್ ನಡೆಯಿತು. ಅವರು ಮರಳಲಿಲ್ಲ, ಭಾಷೆಯನ್ನೂ ಬದಲಿಸಿದರು.

ಆ ತಪ್ಪೊಪ್ಪಿಗೆ ಪತ್ರವನ್ನು ನಾನು ಬಿಡಲಾರೆ. ಸಾಂಪ್ರದಾಯಿಕ ಪತ್ತೇದಾರಿಯ ಕೊನೆ ಎಂದರೆ ತಪ್ಪೊಪ್ಪಿಗೆಯೇ ಅಲ್ಲವೇ? ಅಪರಾಧಿ ಒಪ್ಪಿಕೊಂಡ, ಪುಸ್ತಕ ಮುಚ್ಚಿ. ಮಾಡದ ತಪ್ಪಿಗೆ ತಂದೆಯ ಪರವಾಗಿ ಒಪ್ಪಿಗೆ ಬರೆದ ಹುಡುಗ ಮುಂದೆ ಇದೇ ಪ್ರಕಾರವನ್ನು ಕೈಗೆತ್ತಿಕೊಂಡದ್ದು ಮಾರುಕಟ್ಟೆಯ ಲೆಕ್ಕಾಚಾರ ಮಾತ್ರ ಎಂದು ನನಗೆ ನಂಬಲಾಗುವುದಿಲ್ಲ. ಒಪ್ಪಿಗೆ ಬೇರೆ, ಸತ್ಯ ಬೇರೆ ಎಂಬುದು ಅವರಿಗೆ ಸಿದ್ಧಾಂತದಿಂದ ತಿಳಿದದ್ದಲ್ಲ. ಕಾದಂಬರಿಯ ಕೊನೆಯಲ್ಲೂ ವೂ ವಿಚಾರಣೆ ಅವಸರದಲ್ಲಿ ನಡೆದು ಮರಣದಂಡನೆ ಆಗುತ್ತದೆ. ಅಧಿಕೃತ ಕಾರಣ: ಪಾಶ್ಚಾತ್ಯ ಬೂರ್ಜ್ವಾ ಪ್ರಭಾವ. ಕೊಂದವನು ಪಕ್ಷದ ಮಡಿಲಲ್ಲಿ ಬೆಳೆದವನು, ತಪ್ಪು ಮಾತ್ರ ಹೊರಗಿನದು. 1949ರ ನಂತರ ಚೀನಾದಲ್ಲಿ ಪತ್ತೇದಾರಿ ಕಥೆ ಹಿಂದೆ ಸರಿದು ಗೂಢಚಾರರನ್ನು ಹಿಡಿಯುವ ಕಥೆಗಳು ಬಂದದ್ದೂ ಇದೇ ತರ್ಕದಿಂದ. ಒಳಗೆ ಎಲ್ಲ ಸರಿಯಿದೆ ಎಂದ ಮೇಲೆ ಅಪರಾಧಿ ಗಡಿ ದಾಟಿಯೇ ಬರಬೇಕು. ಶಾಂಘೈನ ಷರ್ಲಾಕ್ ಎನಿಸಿದ ಹುವೋ ಸಾಂಗ್‌ನ ಕರ್ತೃ ಚೆಂಗ್ ಶಿಯಾವ್‌ಚಿಂಗ್ ಅವರಂಥವರಿಗೆ ಅಲ್ಲಿ ಜಾಗ ಉಳಿಯಲಿಲ್ಲ.

ನನ್ನ ಗೆಳೆಯ ಕೇಳಬೇಕಾದ ಪ್ರಶ್ನೆ, ಇದರಲ್ಲಿ ಚೀನಾವನ್ನು ಬೈದಿದ್ದಾರೆಯೇ ಎಂಬುದಲ್ಲ. ಗ್ವಾನ್ ಹಾಂಗ್‌ಯಿಂಗ್‌ಳ ಪರ ಯಾರು ಎಂಬುದು. ಅವಳು ಕಾರ್ಮಿಕಳು. ಮಾದರಿ ಕಾರ್ಮಿಕಳಾದದ್ದರಿಂದಲೇ ಪ್ರೇಮಿಸುವ ಹಕ್ಕನ್ನು ಕಳೆದುಕೊಂಡವಳು. ವಿವಾಹಿತನೊಬ್ಬನ ಜೊತೆ ಹಳದಿ ಪರ್ವತಕ್ಕೆ ಸುಳ್ಳು ಹೆಸರಿನಲ್ಲಿ ಹೋಗಿಬಂದವಳು. ಅವಳ ಫೋಟೋ ಬೇಕಿದ್ದವರಿಗೆಲ್ಲ ಅವಳ ದೇಹ ಮುಜುಗರವಾಯಿತು. ಎಡಪಂಥ ಎಂದರೆ ಇವಳ ಪಕ್ಕದಲ್ಲಿ ನಿಲ್ಲುವುದಲ್ಲದೆ ಇನ್ನೇನು? ಕೋಲು ಕೇಳಿ ಬಂದವನಿಗೂ ಅಷ್ಟೇ: ದೊಡ್ಡವರ ಮಕ್ಕಳ ಕಡತ ಮುಂದೆ ಹೋಗದಿರುವುದು ಒಂದೇ ಸಿದ್ಧಾಂತದ ಸೊತ್ತು ಎಂದು ನಂಬುವಷ್ಟು ಮುಗ್ಧ ಅವನಲ್ಲ.

ವಿದೇಶದವರಿಗಾಗಿ ಬರೆದದ್ದು ಎಂಬ ಮಾತಿಗೆ ಒಂದೇ ಸಂಗತಿ ಹೇಳುತ್ತೇನೆ. ಪುಸ್ತಕ ಚೀನಿ ಭಾಷೆಗೆ ಅನುವಾದವಾಗಿ ಅಲ್ಲಿ ಪ್ರಕಟವಾದಾಗ ಶಾಂಘೈ ಎಂಬ ಹೆಸರೇ ಮಾಯವಾಗಿತ್ತು, ಆ ಜಾಗದಲ್ಲಿ ‘ಎಚ್ ನಗರ’ ಎಂದಿತ್ತು. ಇಂಥದ್ದು ಶಾಂಘೈನಲ್ಲಿ ನಡೆಯಬಾರದಲ್ಲ! ಆ ನಗರದಲ್ಲಿ ಹುಟ್ಟಿದವನ ಕಾದಂಬರಿಯಲ್ಲಿ ನಗರದ ಹೆಸರು ಉಳಿದದ್ದು ಪರಭಾಷೆಯಲ್ಲಿ ಮಾತ್ರ.

ನಮ್ಮಲ್ಲಿ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ನಾನು ಕುಳಿತು ಓದುವ ಗ್ರಂಥಾಲಯದಲ್ಲಿ ಅವರದು ಒಂದೂ ಇಲ್ಲ. ಅವೆಲ್ಲ ಶ್ರೇಷ್ಠ ಎಂದು ನಾನು ಹೇಳುತ್ತಿಲ್ಲ, ಬಾಲ್ಯದಲ್ಲಿ ಅಜ್ಜನ ಟ್ರಂಕಿನಿಂದ ಕದ್ದು ಓದಿದ ಒಂದೆರಡರ ನೆನಪಿನಲ್ಲಿ ಹಾಗೆ ಹೇಳಲೂಬಾರದು. ಆದರೆ ಓದದೆ ನಗುವವರ ಜೊತೆ ಇನ್ನೊಮ್ಮೆ ನಗಲಾರೆ. ಮುಂದಿನ ಸಭೆ ಆರು ತಿಂಗಳಿಗೆ. ಮೂರನೇ ಅಧ್ಯಾಯ ಇದ್ದಲ್ಲೇ ಇದೆ, ಹನ್ನೆರಡು ಪುಟ ಹೆಚ್ಚಾಗಿದೆ.