ಕತೆ ಬರೆದವರು ದಕ್ಷಿಣೆ ಕೊಡಬೇಕಾಗಿಲ್ಲ

ಮೊನ್ನೆ ಭಾನುವಾರ ಕಾಮಾಕ್ಷಿಪಾಳ್ಯದ ಟೀ ಅಂಗಡಿ ಮುಂದೆ ನಾವು ಐದಾರು ಜನ ಸೇರಿದ್ದೆವು. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವ ಗೆಳತಿಯೊಬ್ಬಳು ನೋಟ್‌ಬುಕ್ ತಂದಿದ್ದಳು. ಒಳಗೆ ಹನ್ನೊಂದು ಕತೆ. ಜೊತೆಗೆ ಪ್ರಕಾಶಕರೊಬ್ಬರ ಕಾಗದ. ಕತೆಗಳು ಚೆನ್ನಾಗಿವೆಯಂತೆ, ನಲವತ್ತು ಸಾವಿರ ಕೊಟ್ಟರೆ ಪುಸ್ತಕ ಮಾಡ್ತಾರಂತೆ, ಆಕೆಗೆ ಐವತ್ತು ಪ್ರತಿ ಕೊಡ್ತಾರಂತೆ. ಅದು ಆಕೆಯ ಮೂರು ತಿಂಗಳ ಸಂಬಳ. 'ಓಲೆ ಅಡ ಇಡೋಣ ಅಂತಿದೀನಿ, ಏನಂತೀರಿ?' ಅಂದಳು.

ಬೇಡ ಅಂದೆವು. ಯಾಕೆ ಬೇಡ ಅನ್ನೋದನ್ನ ಇಲ್ಲಿ ಬರೆಯುತ್ತಿದ್ದೇವೆ. ಯಾಕಂದರೆ ಇಂಥ ಕಾಗದ ಆಕೆಯೊಬ್ಬಳಿಗೇ ಬಂದಿಲ್ಲ. ವಿಜಯನಗರದ ಪಿಜಿಗಳಲ್ಲಿದ್ದುಕೊಂಡು ಕೆಎಎಸ್‌ಗೆ ಓದುತ್ತಾ ರಾತ್ರಿ ಕತೆ ಬರೆಯುವ ಹುಡುಗರಿಗೂ ಬಂದಿದೆ. ಕೆಂಗೇರಿ ಆಚೆಯ ಹಳ್ಳಿ ಮೇಷ್ಟ್ರಿಗೂ ಬಂದಿದೆ.

ಗೆಳೆಯರೇ, ಲೆಕ್ಕ ನೋಡಿ. ಕಾಲರ್ ಹೊಲಿದದ್ದಕ್ಕೆ ಆಕೆಗೆ ಸಿಗುವ ಕೂಲಿ ಕಡಿಮೆ, ನಿಜ. ಆದರೆ ಹೊಲಿದದ್ದಕ್ಕಾಗಿ ಆಕೆಯೇ ಮಾಲೀಕನಿಗೆ ದುಡ್ಡು ಕೊಡೋದಿಲ್ಲ. ಕತೆಗೆ ಮಾತ್ರ ಯಾಕೆ ಕೊಡಬೇಕು? 1976ರಲ್ಲಿ ಕಾನೂನು ಜೀತವನ್ನು ರದ್ದು ಮಾಡಿತು. ಆದರೂ ದುಡಿದವನೇ ಸಾಲಗಾರನಾಗುವ ಪದ್ಧತಿ ಸಾಹಿತ್ಯದಲ್ಲಿ ಬೇರೆ ಹೆಸರಿನಲ್ಲಿ ನಡೆಯುತ್ತಿದೆ. ಕಾಯಕ ದೊಡ್ಡದು ಎಂದವರ ಹೆಸರನ್ನು ಬಸವೇಶ್ವರನಗರಕ್ಕೆ ಇಟ್ಟುಕೊಂಡಿದ್ದೇವೆ. ಅದೇ ಊರಿನಲ್ಲಿ ಕಾಯಕ ಮಾಡಿದವಳಿಂದಲೇ ಕಾಸು ಕೇಳುತ್ತಿದ್ದೇವೆ. ಇದು ನಮ್ಮನ್ನು ಗುಡಿಯ ಹೊರಗೆ ನಿಲ್ಲಿಸಿ ದಕ್ಷಿಣೆಯನ್ನು ಮಾತ್ರ ಒಳಗೆ ಒಯ್ದಂತೆ.

'ಸಣ್ಣ ಪ್ರಕಾಶಕರು ಏನ್ ಮಾಡಬೇಕು? ಕಾಗದದ ಬೆಲೆ ಏರಿದೆ, ಗ್ರಂಥಾಲಯ ಇಲಾಖೆಯ ಖರೀದಿ, ಹಣ ಎರಡೂ ತಡ' ಎಂದು ಕೇಳುವವರಿದ್ದಾರೆ. ಕಷ್ಟ ಸುಳ್ಳಲ್ಲ. ಆದರೆ ಆ ಹೊರೆಯನ್ನು ಇರುವವರಲ್ಲೇ ಬಡವಳ ತಲೆ ಮೇಲೆ ಹೊರಿಸೋದು ಯಾವ ನ್ಯಾಯ? ಇಲಾಖೆಯ ಬಾಗಿಲಲ್ಲಿ ಕೂರಬೇಕಾದವರು ಆಕೆಯ ಕಿವಿಯ ಓಲೆಗೆ ಕೈ ಹಾಕುತ್ತಿದ್ದಾರೆ.

ಎರಡನೆಯ ದಕ್ಷಿಣೆ ಭಾಷೆಯದು. 'ನಿಮ್ಮ ಕನ್ನಡ ತಿದ್ದಬೇಕು, ದೊಡ್ಡವರೊಬ್ಬರ ಮುನ್ನುಡಿ ಬೇಕು' ಅಂತಾರೆ. ತಪ್ಪಕ್ಷರ ತಿದ್ದಲಿ, ನಾಲಿಗೆಯನ್ನು ತಿದ್ದುವುದು ಬೇಡ. ದೇವನೂರ ಮಹಾದೇವ ಅವರು 'ಕುಸುಮಬಾಲೆ'ಯನ್ನು ನಂಜನಗೂಡು ಸೀಮೆಯ ಕೇರಿಯ ಮಾತಿನಲ್ಲೇ ಬರೆದರು. 1984ರಲ್ಲಿ ಅದು ಬಂದಾಗ ಅರ್ಥವಾಗುವುದಿಲ್ಲ ಎಂದವರಿದ್ದರು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಅದಕ್ಕೇ ಪ್ರಶಸ್ತಿ ಕೊಟ್ಟಿತು.

ಹಾಗಂತ ನೋವು ಉಂಡವರು ಬರೆದದ್ದೆಲ್ಲ ಕತೆ ಎಂದು ನಾವು ಹೇಳುವುದಿಲ್ಲ. ಗೆಳತಿಯ ಒಂದು ಕತೆಯಲ್ಲಿ ಸೂಪರ್‌ವೈಸರ್ ಬರೀ ರಾಕ್ಷಸ. ಅವನಿಗೂ ಮೇಲಿನಿಂದ ಟಾರ್ಗೆಟ್ ಇದೆ, ಅವನ ಮನೆಯಲ್ಲೂ ಸಾಲ ಇದೆ. ಅದನ್ನು ಬರೆದರೆ ಶೋಷಣೆಯ ಯಂತ್ರ ಪೂರಾ ಕಾಣುತ್ತದೆ, ಬರೆಯದಿದ್ದರೆ ಒಬ್ಬ ಕೆಟ್ಟವನು ಮಾತ್ರ ಕಾಣುತ್ತಾನೆ. ಕೊನೆಯ ಪುಟದಲ್ಲಿ ಘೋಷಣೆ ಬೇಡ, ಅದಕ್ಕೆ ರಸ್ತೆ ಇದೆ. ಬರೆದದ್ದನ್ನು ಮೊದಲು ಪಕ್ಕದ ಮೆಷಿನ್ನಿನವಳಿಗೆ ಓದಿ ಹೇಳಿ. ಆಕೆ ಎಲ್ಲಿ ಆಕಳಿಸುತ್ತಾಳೋ ಅಲ್ಲಿ ಕತೆ ಸತ್ತಿದೆ.

ಇನ್ನು ಸಹಿ ಹಾಕುವ ಮಾತು. 1957ರ ಕೃತಿಸ್ವಾಮ್ಯ ಕಾಯಿದೆ ನಮ್ಮ ಕಡೆಗಿದೆ, ಓದಿಕೊಳ್ಳಬೇಕು ಅಷ್ಟೆ. ಬರೆದ ಗಳಿಗೆಯಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ನೀವು ಬರವಣಿಗೆಯಲ್ಲಿ ಸಹಿ ಮಾಡಿಕೊಡದೆ ಆ ಹಕ್ಕು ಬೇರೆಯವರಿಗೆ ಹೋಗುವುದಿಲ್ಲ. ಯಾವ ಹಕ್ಕು, ಎಷ್ಟು ರಾಯಧನ ಎಂದು ಕರಾರಿನಲ್ಲಿ ಕಾಣಿಸಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಅರ್ಥ. 'ಸರ್ವ ಹಕ್ಕುಗಳೂ ಪ್ರಕಾಶಕರವು' ಎಂಬ ಸಾಲು ಕಂಡರೆ ಪೆನ್ನು ತೆಗೆದು ಹೊಡೆದುಹಾಕಿ. ಸಿನಿಮಾ, ಅನುವಾದದ ಹಕ್ಕು ನಿಮ್ಮಲ್ಲೇ ಇರಲಿ. ಹಾಸನದ ಬಾನು ಮುಷ್ತಾಕ್ ಬಂಡಾಯದ ಜೊತೆ ಬೆಳೆದವರು. 1990ರಿಂದ ಈಚೆಗೆ ಅವರು ಬರೆದ ಕತೆಗಳಲ್ಲಿ ಹನ್ನೆರಡನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. 2025ರಲ್ಲಿ ಆ ಪುಸ್ತಕಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು. ನಿಮ್ಮ ಕತೆ ನಾಳೆ ಎಲ್ಲಿಗೆ ಹೋಗುತ್ತದೋ ಯಾರು ಬಲ್ಲರು? ಇವತ್ತೇ ಮಾರಿಕೊಳ್ಳಬೇಡಿ.

ಹಾಗಾದರೆ ಏನು ಮಾಡೋದು? ಒಂದೊಂದೇ ಕತೆಯನ್ನು ಪತ್ರಿಕೆಗಳಿಗೆ ಕಳಿಸಿ, ದೀಪಾವಳಿ ಸ್ಪರ್ಧೆಗಳಿಗೂ ಕಳಿಸಿ. ವಾಪಸ್ ಬಂದರೆ ತಿದ್ದಿ ಮತ್ತೆ ಕಳಿಸಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ, ಅರ್ಜಿ ಹಾಕಿ. ಅದು ಭಿಕ್ಷೆಯಲ್ಲ, ನಾವು ಕಟ್ಟಿದ ತೆರಿಗೆ. ಅದೂ ಆಗದಿದ್ದರೆ ಹತ್ತು ಜನ ಸೇರಿ ನೀವೇ ಪ್ರಕಾಶಕರಾಗಿ. ಪ್ರೆಸ್ಸಿನವರ ಬಿಲ್ಲನ್ನು ಕಣ್ಣಾರೆ ನೋಡಿ. ಐಎಸ್‌ಬಿಎನ್ ಸಂಖ್ಯೆಗೆ ನಮ್ಮ ದೇಶದಲ್ಲಿ ಶುಲ್ಕವಿಲ್ಲ, ಅದಕ್ಕೂ ಸಾವಿರಗಟ್ಟಲೆ ಕೇಳುವವರನ್ನು ನಂಬಬೇಡಿ. ಪ್ರತಿಗಳೂ ಲೆಕ್ಕವೂ ನಿಮ್ಮ ಕೈಯಲ್ಲಿರುವಾಗ ಹಾಕುವ ದುಡ್ಡು ದಕ್ಷಿಣೆಯಲ್ಲ, ಬಂಡವಾಳ.

ಇದು ಹೊಸ ದಾರಿಯಲ್ಲ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಗೋಷ್ಠಿಗೆ ಜಾಗ ಇಲ್ಲ ಎಂದಾಗ ನಮ್ಮವರು ಬಾಗಿಲಲ್ಲಿ ಕಾಯುತ್ತಾ ನಿಲ್ಲಲಿಲ್ಲ, ಬೆಂಗಳೂರಿನಲ್ಲಿ ತಮ್ಮದೇ ಸಮ್ಮೇಳನ ಮಾಡಿದರು. ಇದೇ ರಾಜಾಜಿನಗರದ ಪಕ್ಕದ ಶ್ರೀರಾಮಪುರದಲ್ಲಿ ಬೆಳೆದ ಸಿದ್ಧಲಿಂಗಯ್ಯನವರ ಹಾಡುಗಳು ಪುಸ್ತಕದ ಅಂಗಡಿಗೆ ಕಾಯದೆ ಜಾಥಾಗಳಲ್ಲಿ ಊರೂರು ತಿರುಗಿದವು.

ಗೆಳತಿ ಓಲೆ ಅಡ ಇಡಲಿಲ್ಲ. ಸೂಪರ್‌ವೈಸರನ ಕತೆಯನ್ನು ಮತ್ತೆ ಬರೆಯುತ್ತಿದ್ದಾಳೆ. ಮುಂದಿನ ಭಾನುವಾರ ಅದೇ ಟೀ ಅಂಗಡಿ ಮುಂದೆ ಓದುತ್ತಾಳೆ. ನಿಮ್ಮ ನೋಟ್‌ಬುಕ್ಕೂ ತನ್ನಿ.